ಮೂರನೆಯ ಸಲ ಕರೆದರೆ ಓಗೊಡು

ಮಟಮಟ ಮಧ್ಯಾಹ್ನ. ನಾಗಸಂದ್ರದ ಮೆಟ್ರೋ ಕಂಬಗಳ ನೆರಳು ಕೂಡ ತಮ್ಮ ಬುಡಕ್ಕೇ ಮುದುಡಿಕೊಂಡಿದ್ದ ಹೊತ್ತು.

ಲೋಹಕ್ಕೆ ಹೊಳಪು ಲೇಪಿಸುವ ಪ್ಲೇಟಿಂಗ್ ಶೆಡ್ಡಿನ ಹಿಂದಿರುವ ಹಳೆಯ ಮೆಟ್ಟಿಲು ಬಾವಿಯ ಕಟ್ಟೆ ಮೇಲೆ ಮಂಜುಶ್ರೀ ಒಬ್ಬಳೇ ನಿಂತಿದ್ದಳು. ಒಂದು ಕಾಗೆಯ ಸದ್ದಿಲ್ಲ. ತಾತನ ಕಾಲದಲ್ಲಿ ಕನಕಾಂಬರದ ತೋಟಕ್ಕೆ ನೀರುಣಿಸಿದ ಬಾವಿ ಅದು. ಈಗ ಅದರ ನೀರು ಗಿಳಿಯ ರೆಕ್ಕೆಯಷ್ಟು ಹಸಿರು. ಗಾಳಿ ಇಲ್ಲದಿದ್ದರೂ ಆ ಹಸಿರು ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು... ಯಾರೋ ಮಲಗಿ ಉಸಿರಾಡಿದ ಹಾಗೆ.

"ಮಂಜುಶ್ರೀ..."

ದನಿ ಬಾವಿಯ ಒಳಗಿನಿಂದ ಬಂದಿತ್ತು.

"ಮಂಜುಶ್ರೀ..."

ಗಂಡೋ ಹೆಣ್ಣೋ ತಿಳಿಯದ, ನೀರು ತುಂಬಿದ ದನಿ. ತುಟಿಯವರೆಗೆ ಬಂದ 'ಓ' ಅನ್ನು ಅವಳು ನುಂಗಿಕೊಂಡಳು.

ದೆವ್ವ ಭೂತ ನಂಬುವವಳಲ್ಲ ಅವಳು. ಕಾರ್ಖಾನೆಗಳ ಬಗ್ಗೆ, ಬಿಸಿಯೇರುತ್ತಿರುವ ಭೂಮಿಯ ಬಗ್ಗೆ ವಾರವಾರ ಅಂಕಣ ಬರೆಯುವವಳು. 'ಲಾಭ ಮೇಲಕ್ಕೆ ಹೋಗುತ್ತದೆ, ವಿಷ ಕೆಳಕ್ಕೆ ಇಳಿಯುತ್ತದೆ' ಎಂಬ ಅವಳ ಸಾಲು ಎಷ್ಟೋ ಮೆರವಣಿಗೆಗಳ ಫಲಕವಾಗಿತ್ತು. ಆದರೂ ಅಜ್ಜಿ ಬೈರಮ್ಮ ಹೇಳಿಕೊಟ್ಟ ಒಂದು ಕಟ್ಟಳೆಯನ್ನು ಅವಳು ಎಂದೂ ಮುರಿದಿರಲಿಲ್ಲ.

'ಗಾಳಿ ಎರಡೇ ಸಲ ಕರೆಯೋದು ಕಣವ್ವ. ಮೂರ್ನೇ ಸಲ ಕರೆಯೋಕೆ ಎದೇಲಿ ಪ್ರೀತಿ ಇರಬೇಕು. ಅದು ಮನುಷ್ಯರಿಗೇ ಇರೋದು. ಮೂರು ಸಲ ಕರೆದ್ರೆ ಮಾತ್ರ ಓ ಅನ್ನು.'

ಕಾದಳು. ಮೂರನೆಯ ಕರೆ ಬರಲಿಲ್ಲ.

ಬದಲಿಗೆ ಒಬ್ಬ ಗಂಡಸು ಬಾವಿಯೊಳಗಿನಿಂದ ಮೆಟ್ಟಿಲು ಹತ್ತಿ ಬಂದ. ಮುಂಗೈವರೆಗೆ ಹಸಿರು. ಒಂದು ಕೈಯಲ್ಲಿ ಕಾರ್ಖಾನೆಯ ನೀಲಿ ಕ್ಯಾನು. ಅವಳನ್ನು ಕಂಡದ್ದೇ ಗಕ್ಕನೆ ನಿಂತುಬಿಟ್ಟ. ಆಮೇಲೆ, ಬಹಳ ದಿನದಿಂದ ಬಲ್ಲವನಂತೆ ಸಣ್ಣಗೆ ನಕ್ಕ.

ಆ ನಗುವಿಗೆ ಅವಳ ಎದೆ ಒಂದು ಬಡಿತ ತಪ್ಪಿತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಮೊಬೈಲ್ ಎತ್ತಿ ಫೋಟೋ ತೆಗೆದಳು.

"ಎಷ್ಟು ದಿನದಿಂದ ಸುರೀತಿದೀರ ಇಲ್ಲಿ?"

"ಸುರಿಯಾಕ ಬಂದಿಲ್ರೀ ನಾ... ನೀವು ಮಂಜುಶ್ರೀ ಮೇಡಂ ಅಲ್ರೀ? ನಾ ನಿಮಗ..."

ಶೆಡ್ಡಿನ ಸೈರನ್ ಕೂಗಿತು. ಊಟದ ಬಿಡುವು ಮುಗಿದಿತ್ತು. ಅವನು ಕ್ಯಾನು ಎತ್ತಿಕೊಂಡು ಓಡಿದ.

ಓಡಿಹೋಗುವವನು ಕಳ್ಳನಲ್ಲದೆ ಇನ್ಯಾರು?

ಆ ವಾರದ ಅಂಕಣದಲ್ಲಿ ಅವನ ಫೋಟೋ ಬಂತು. ಮೂರೇ ದಿನಕ್ಕೆ ಕಾರ್ಖಾನೆಯ ಉತ್ತರವೂ ಬಂತು: 'ತಪ್ಪಿತಸ್ಥ ಕೆಲಸಗಾರನನ್ನು ವಜಾ ಮಾಡಲಾಗಿದೆ. ಬಾವಿಯನ್ನು ಮುಚ್ಚಿಸಲಾಗುವುದು.'

ಗೆಳತಿಯರು ಗೆದ್ದೆವೆಂದು ಮೆಸೇಜು ಕಳಿಸಿದರು. ಮಂಜುಶ್ರೀಗೆ ಮಾತ್ರ ಯಾಕೋ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಆ ಹಸಿರು ಕೈ, ಆ ನಗು...

ಸೋಮವಾರ ಇನ್ನೊಂದು ಖಾಲಿತನ. ಮನೆಯ ಗೇಟಿನ ಬಳಿ ಎಂದಿನ ಬಾಟಲಿ ಇರಲಿಲ್ಲ.

ಏಳು ತಿಂಗಳಿಂದ ಪ್ರತಿ ಸೋಮವಾರ ಬೆಳಗ್ಗೆ ಯಾರೋ ಅಲ್ಲಿ ಕೆಮ್ಮಿನ ಔಷಧಿಯ ಹಳೆ ಬಾಟಲಿಯೊಂದನ್ನು ಇಟ್ಟು ಹೋಗುತ್ತಿದ್ದರು. ಒಳಗೆ ಬಾವಿಯ ನೀರು. ಕುತ್ತಿಗೆಗೆ ಕಟ್ಟಿದ ಕ್ಯಾಲೆಂಡರ್ ಹಾಳೆಯಲ್ಲಿ ತಾರೀಖು, ಜೊತೆಗೆ ಒಂದು ಸಾಲು. 'ಇವತ್ತು ಬಣ್ಣ ಜಾಸ್ತಿ.' 'ಸತ್ತ ಕಪ್ಪೆ ನಾಕು.' ಒಮ್ಮೆ, 'ನಿಮ್ಮ ಬರಹ ಓದಿದೆ. ನಮ್ಮ ತಗಡಿನ ಖೋಲಿಯ ಬಿಸಿಲು ನಿಮಗ ಹೆಂಗ ಗೊತ್ತಾತು?'

ಆ ಸಾಲನ್ನು ಅವಳು ಪುಸ್ತಕದಲ್ಲಿಟ್ಟುಕೊಂಡಿದ್ದಳು. ಮುಖ ಕಾಣದ ಆ ಓದುಗನ ಅಕ್ಷರಕ್ಕೆ ಮನಸ್ಸು ಯಾವಾಗಲೋ ಅಂಟಿಕೊಂಡಿತ್ತು.

ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಹೆಂಗಸೊಬ್ಬರು ಗೇಟು ತಟ್ಟಿದರು. ನೆತ್ತಿಯವರೆಗೆ ಸೆರಗು, ಸೆರಗಿನೊಳಗೆ ಒಂದು ಬಾಟಲಿ.

"ನಾ ಮಹಾಂತಮ್ಮ. ಸಿದ್ರಾಮನ ಅಕ್ಕ. ನೀವು ಪೇಪರಿನ್ಯಾಗ ಫೋಟೋ ಹಾಕಿದ್ರಲ್ಲ, ಅವನ ಅಕ್ಕ."

ಬಾಟಲಿಯ ಕುತ್ತಿಗೆಯಲ್ಲಿ ಅದೇ ಕ್ಯಾಲೆಂಡರ್ ಹಾಳೆ, ಅದೇ ಅಕ್ಷರ. ತಾರೀಖು, ಅವಳು ಫೋಟೋ ತೆಗೆದ ದಿನದ್ದು.

ಮಂಜುಶ್ರೀ ಗೇಟು ಹಿಡಿದುಕೊಂಡಳು. ಅವತ್ತು ಕ್ಯಾನಿನಲ್ಲಿ ಅವನು ಬಾವಿಯ ನೀರನ್ನು ತುಂಬಿಕೊಂಡು ಬರುತ್ತಿದ್ದ. ಅವಳಿಗಾಗಿ...

"ಲಾಭ ಮ್ಯಾಲ ಹೋಗತದ, ವಿಷ ಕೆಳಗ ಇಳೀತದ ಅಂತ ನೀವೇ ಬರದಿದ್ರಂತ. ಓದಿ ಹೇಳತಿದ್ದ. ಮತ್ತ ತಪ್ಪನ್ನೂ ಕೆಳಗೇ ಇಳಿಸಿದ್ರಲ್ಲವ್ವ."

ಶೆಡ್ಡು ನಿಂತಿದ್ದು ಮಂಜುಶ್ರೀಯ ಮನೆಯವರದೇ ಜಮೀನಿನಲ್ಲಿ. ಅಪ್ಪ ಲಕ್ಷ್ಮಯ್ಯ ಬಾಡಿಗೆಗೆ ಕೊಟ್ಟದ್ದು. ಕಾರ್ಖಾನೆಯ ಮಾಲೀಕನ ಬಾಗಿಲು ತಟ್ಟಿದ್ದರೆ ತನ್ನ ಮನೆಯ ಗುಟ್ಟೂ ಬಯಲಾಗುತ್ತಿತ್ತು. ಅದಕ್ಕೇ ಅಲ್ಲವೇ ದೂರುವುದಕ್ಕೆ ಮೆಟ್ಟಿಲು ಹತ್ತಿ ಬಂದವನ ಮುಖ ಅಷ್ಟು ಬೇಗ ಸಿಕ್ಕಿದ್ದು?

"ಅವರೆಲ್ಲಿ ಈಗ?"

"ಬಾವ್ಯಾಗ. ಇವತ್ತ ಮುಚ್ಚತಾರಂತ. ಶೆಡ್ಡಿನ ಪೈಪಿನ ಬಾಯಿ ಒಳಗ ಅದ, ಮುಚ್ಚೂದರಾಗ ಫೋಟೋ ತಗದು ಊರಿಗಿ ಹೋಗತೀನಿ ಅಂದ. ಒಂದು ತಾಸಾತು, ಬಂದಿಲ್ಲ."

ಜಗುಲಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಬೈರಮ್ಮನ ಕೈ ನಿಂತಿತು. "ಯಾವ ಬಾವಿ? ನಂದಾ?"

ಮಂಜುಶ್ರೀ ಆಗಲೇ ಓಡುತ್ತಿದ್ದಳು.

ಅದೇ ಬಿಸಿಲು, ಅದೇ ಮೌನ. ಕಟ್ಟೆಯ ಪಕ್ಕ ಇಟ್ಟಿಗೆ ಚೂರಿನ ರಾಶಿ, ಊಟಕ್ಕೆಂದು ನಿಲ್ಲಿಸಿ ಹೋದ ಜೆಸಿಬಿ. ಬಾವಿ ಉಸಿರಾಡುತ್ತಿತ್ತು. ಹಸಿರಿನಿಂದ ಎದ್ದ ಘಾಟು ಹಬೆ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತಿತ್ತು.

"ಸಿದ್ರಾಮ..."

ಏನೂ ಇಲ್ಲ.

"ಸಿದ್ರಾಮ..."

ಅವಳ ದನಿಯೇ ತಿರುಗಿ ಬಂತು. ಆದರೆ ಅವಳದ್ದಲ್ಲದ ಹಾಗೆ, ತುಸು ನಗುತ್ತಾ.

ಎರಡೇ ಸಲ ಕರೆದು ನಿಲ್ಲಿಸಿದರೆ ತಾನೂ ಬರೀ ಗಾಳಿ. ಕಣ್ಣೀರು ತುಟಿಗೆ ಇಳಿಯಿತು.

"ಸಿದ್ರಾಮ!"

"ಓ..."

ಕೆಳಗಿನಿಂದ, ಬಲು ಕ್ಷೀಣವಾಗಿ.

ದುಪಟ್ಟಾ ಮೂಗಿಗೆ ಕಟ್ಟಿ ಇಳಿದಳು. ಒಂಬತ್ತನೆಯ ಮೆಟ್ಟಿಲಲ್ಲಿ ಗೋಡೆಗೆ ಒರಗಿ ಕೂತಿದ್ದ ಅವನು, ಕಣ್ಣು ಅರೆಮುಚ್ಚಿ, ಮೊಬೈಲನ್ನು ಎದೆಗೆ ಒತ್ತಿಕೊಂಡು. ತೋಳು ಹಿಡಿದು ಎಳೆದಳು. ಯಾರು ಯಾರನ್ನು ಹೊತ್ತರೋ, ಇಬ್ಬರೂ ಹೊಂಗೆ ಮರದ ಕೆಳಗೆ ಬಂದು ಬಿದ್ದರು.

"ಮೊದ್ಲೇ ಯಾಕೆ ಓ ಅನ್ಲಿಲ್ಲ?" ಜೆಸಿಬಿಯವನು ಬಿಟ್ಟುಹೋಗಿದ್ದ ಬಾಟಲಿಯಿಂದ ಅವನ ಮುಖಕ್ಕೆ ನೀರು ಚಿಮುಕಿಸುತ್ತಾ ಕೇಳಿದಳು.

"ಮೂರನೇ ಸಲಕ್ಕೇ ಓ ಅನ್ನಬೇಕಂತ ನಮ್ಮ ಅಮ್ಮಾಯಿ, ಅವ್ವನ ಅವ್ವ, ಹೇಳತಿದ್ಳರೀ. ಯಾದಗಿರಿ ಕಡೆ ಹಂಗ."

ಅವಳು ಅಳುತ್ತಲೇ ನಕ್ಕಳು. "ಹಾಗಾದ್ರೆ ನೀವ್ಯಾಕೆ ಅವತ್ತು ಎರಡೇ ಸಲ ಕರೆದಿದ್ದು?"

"ಯಾವತ್ತ?"

"ನಾನು ಫೋಟೋ ತೆಗೆದ ದಿನ. ಬಾವಿ ಒಳಗಿಂದ ನನ್ನ ಹೆಸರು..."

ಸಿದ್ರಾಮನ ಮುಖದ ರಕ್ತ ಇಳಿಯಿತು.

"ನಾ ಕರದಿಲ್ರೀ. ನಿಮ್ಮ ಹೆಸರು ಹಿಡಿದು ಕರಿಯೂವಷ್ಟು ಧೈರ್ಯ ನನಗೆಲ್ಲಿ? ನನ್ನ ಹಿಂದ, ನೀರಾಗಿಂದ ಯಾರೋ ಕರದ್ರು. ಅದಕ್ಕೇ ಗಾಬರಿಯಾಗಿ ಮ್ಯಾಲ ಬಂದೆ."

ಇಬ್ಬರೂ ಬಾವಿಯ ಕಡೆ ನೋಡಿದರು. ಹಸಿರು ಏರಿತು, ಇಳಿಯಿತು.

ಅಷ್ಟರಲ್ಲಿ ಬೈರಮ್ಮ ಕೋಲೂರಿಕೊಂಡು ಬಂದು, ಊಟ ಮುಗಿಸಿ ಬರುತ್ತಿದ್ದ ಜೆಸಿಬಿಯವನ ಕಣ್ಣೆದುರೇ ಕಟ್ಟೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. "ಜಮೀನು ಇನ್ನೂ ನನ್ನೆಸ್ರಲ್ಲೈತೆ ಕಣಪ್ಪ. ಮುಚ್ಚೋದಾದ್ರೆ ನನ್ನೂ ಸೇರ್ಸಿ ಮುಚ್ಚು."

ಅವನು ಫೋನು ಕಿವಿಗಿಟ್ಟುಕೊಂಡು ಹಿಂದೆ ಸರಿದ.

"ನಾಳೆ ಬರೀತೀನಿ," ಮಂಜುಶ್ರೀ ಹೇಳಿದಳು. "ಮೊದಲನೇ ಸಾಲಲ್ಲಿ ನನ್ನ ತಪ್ಪು. ಎರಡನೇದ್ರಲ್ಲಿ ನಮ್ಮಪ್ಪನ ಹೆಸರು. ಆಮೇಲೆ ನಿಮ್ಮ ಫೋಟೋದಲ್ಲಿರೋ ಪೈಪು. ಊರಿಗೆ... ಹೋಗಲೇಬೇಕಾ?"

ಸಿದ್ರಾಮ ತನ್ನ ಹಸಿರು ಕೈ ನೋಡಿಕೊಂಡ. "ಯಾರರ ಕರದ್ರ ನಿಲ್ಲಬಹುದು."

"ಮೂರು ಸಲ ಕರೆದಾಯ್ತಲ್ಲ."

ಅವನು ಅವಳ ಕಡೆ ತಿರುಗಿ ಕೂತ. ಆಮೇಲೆ, ಹೊಸದಾಗಿ ಅಕ್ಷರ ಕೂಡಿಸುವವನಂತೆ,

"ಮಂಜುಶ್ರೀ."

ಅವಳು ತುಟಿ ಬಿಗಿಹಿಡಿದಳು.

"ಮಂಜುಶ್ರೀ."

ಬಾವಿಯೂ ಉಸಿರು ಹಿಡಿದು ಕೇಳುತ್ತಿತ್ತೇನೋ. ಆ ಹಸಿರು ಒಂದು ಕ್ಷಣ ಅಲುಗಾಡದೆ ನಿಂತಿತು.

"ಮಂಜುಶ್ರೀ..."

"ಓ," ಅಂದಳು ಅವಳು.