ಹುಂಜ ಇಲ್ಲದ ಪ್ರತಿ

ಮೆಕ್ಸಿಕೊದ ಕೆರೆತಾರೊ ನಗರದ ಸರ್ವರ್ ಕಟ್ಟಡದಲ್ಲಿ ನಾನು ನೆಲ ಒರೆಸುತ್ತೇನೆ. ಒಂದು ಮಧ್ಯಾಹ್ನ, ಹೊಸ ಬ್ಯಾಕಪ್ ಡಿಸ್ಕ್‌ಗಳನ್ನು ಜೋಡಿಸುತ್ತಿದ್ದ ತಂತ್ರಜ್ಞ ದೊನ್ ಫಿದೆನ್ಸಿಯೊ ಕೇಳಿದರು: "ಏ ಮೂಕಿ, ಪರೀಕ್ಷೆಗೆ ಏನಾದ್ರೂ ಹಾಕ್ಬೇಕು. ನಿನ್ ಹತ್ರ ಏನಿದೆ?"

ನನ್ನ ಹಳೆಯ ಫೋನಿನಲ್ಲಿ ತೀರಿಹೋದ ಅಮ್ಮನ ಒಂದೇ ಒಂದು ಮಾತು ಉಳಿದಿತ್ತು. "ಊಟ ಆಯ್ತಾ ಮಗಳೇ?" ಹಿನ್ನೆಲೆಯಲ್ಲಿ ನಮ್ಮ ಹುಂಜದ ಕೂಗು, ತೋರ್ತಿಯಾ ರೊಟ್ಟಿ ತಟ್ಟುವ ಸದ್ದು. ಈಗ ನನ್ನನ್ನು ಹಾಗೆ ಕೇಳುವವರಿಲ್ಲ. ಕೊಟ್ಟೆ. ಅದನ್ನು ಸರ್ವರ್‌ಗೆ ಸಾಗಿಸಿ ಮುಗಿಸುತ್ತಿದ್ದಂತೆ ಫೋನು ಪೂರ್ತಿ ಕೆಟ್ಟುಹೋಯಿತು.

ದೊನ್ ಫಿದೆನ್ಸಿಯೊ ಬ್ಯಾಕಪ್ಪಿಗೆ ಪ್ರತಿ ತೆಗೆದು, ಸರ್ವರ್‌ನಲ್ಲಿದ್ದ ಮೂಲವನ್ನು ಅಳಿಸಿಬಿಟ್ಟರು. ನನ್ನ ಮುಖ ನೋಡಿ ನಕ್ಕರು. "ಅಳಿಸ್ದೇ ಇದ್ರೆ, ವಾಪಸ್ ಬರುತ್ತೋ ಇಲ್ವೋ ಹೇಗ್ ಗೊತ್ತಾಗುತ್ತೆ?"

ಬಂತು. ಅದೇ ದನಿ, ಅದೇ ಮಾತು. ಹುಂಜ ಮಾತ್ರ ಇರಲಿಲ್ಲ. ಅದರ ಜಾಗದಲ್ಲಿ ಈ ಕೋಣೆಯ ಫ್ಯಾನುಗಳು ಗುಂಯ್‌ಗುಡುತ್ತಿದ್ದವು. ಅಳಿಸುವ ಮುಂಚೆ ಯಂತ್ರ ದಾಖಲಿಸಿಟ್ಟಿದ್ದ ಮೂಲದ ಲೆಕ್ಕದೊಂದಿಗೆ ದೊನ್ ಫಿದೆನ್ಸಿಯೊ ಎರಡು ಸಲ ತಾಳೆ ನೋಡಿದರು. "ಮೂಲಕ್ಕೂ ಇದಕ್ಕೂ ಚೂರೂ ವ್ಯತ್ಯಾಸ ತೋರಿಸ್ತಿಲ್ಲ," ಎಂದರು. ಆಗ ಅವರು ನಗಲಿಲ್ಲ.

ಆ ಪ್ರತಿ ಈಗಲೂ ಇದೆ. ಅದರಲ್ಲಿ ನಾನು ನೆಲ ಒರೆಸುವ ಬಕೆಟ್ಟಿನ ಚಕ್ರ ಕಿರುಗುಟ್ಟುತ್ತ ಹತ್ತಿರ ಬಂದು ನಿಲ್ಲುತ್ತದೆ. ಆಮೇಲೆ ಅಮ್ಮ ಕೇಳುತ್ತಾಳೆ.

ನಾನು ಈ ಕೆಲಸಕ್ಕೆ ಸೇರಿದ್ದು ಅಮ್ಮ ತೀರಿಹೋದ ಮೇಲೆ.