ಸಂಕಷ್ಟಿಯ ದಿನದ ತುಪ್ಪ

ಆಗಸ್ಟ್ 13, ಬುಧವಾರ. ಬೆಳಿಗ್ಗೆ ಡೊಂಬಿವಲಿ ಪೂರ್ವದ ಠಾಣೆಗೆ ಬಂದ ಪ್ರೇಮನಾಥರು ಕುರ್ಚಿ ಕೊಟ್ಟರೂ ಕೂರಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ, ಎಪ್ಪತ್ತರ ಆಸುಪಾಸಿನ, ದಕ್ಷಿಣ ಕನ್ನಡದ ಮನುಷ್ಯ. ಇನ್‌ಸ್ಪೆಕ್ಟರ್ ಸಂಗಮೇಶ ಬಿರಾದಾರ ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ ಎಂದು ಗೊತ್ತಾದ ಮೇಲೆ ಪ್ರೇಮನಾಥರ ಬಾಯಿಗೆ ಕಟ್ಟೆಯೇ ಇರಲಿಲ್ಲ.

“ನನ್ನ ಹೆಂಡತಿ ಜಲಜಾಕ್ಷಿ ಕಾಫಿ ಸಹ ಕುಡಿಯುವವಳಲ್ಲ ಸಾರ್. ಅವಳ ಮೂತ್ರದಲ್ಲಿ ಗಾಂಜಾ ಉಂಟಂತೆ! ಡಾಕ್ಟ್ರು ನನ್ನ ಮುಖ ನೋಡ್ತಾರೆ, ನಾನೇ ತಂದು ಕೊಟ್ಟ ಹಾಗೆ.”

“ನಿನ್ನೆ ಏನ ತಿಂದಿದ್ರು?”

“ಅಂಗಾರಕ ಸಂಕಷ್ಟಿ ಅಲ್ವಾ, ಉಪವಾಸ. ಮಧ್ಯಾಹ್ನ ವಿಷ್ಣುಮೂರ್ತಿಯವರ ಹೋಟೆಲಿಂದ ಸಾಬೂದಾಣೆ ಖಿಚಡಿ ತಂದುಕೊಟ್ಟೆ. ಅಷ್ಟೇ.”

“ಆಮೇಲೆ?”

“ಮೊದಲು ನಗಾಡಿದಳು. ಮತ್ತೆ ಎದೆ ಹೊಡ್ಕೊಳ್ತದೆ, ನಾನು ಸಾಯ್ತೇನೆ ಅಂತ ಕಿರುಚಿದಳು. ಬಚ್ಚಲಿಗೆ ಓಡಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ.”

ಇಷ್ಟು ಹೇಳಿ ಅವರು ಕುಳಿತರು. ಅದೇ ಹೋಟೆಲಿನಲ್ಲಿ ಉಂಡ ಇನ್ನೂ ಮೂವರು ಬೇರೆ ಬೇರೆ ಆಸ್ಪತ್ರೆ ಸೇರಿರುವುದು ಹನ್ನೊಂದರ ಹೊತ್ತಿಗೆ ಗೊತ್ತಾಯಿತು. ಎಫ್‌ಐಆರ್ ದಾಖಲಾಯಿತು.

ಹೋಟೆಲಿಗೆ ಹೋಗುವ ದಾರಿಯಲ್ಲಿ ಹವಾಲ್ದಾರ ಅಂಬಾದಾಸ ತನ್ನ ಅಭಿಪ್ರಾಯ ಹೇಳಿದ. ಸೊಲ್ಲಾಪುರದವನಾದ ಅವನಿಗೆ ಎಲ್ಲ ವಿಷಯದಲ್ಲೂ ಒಂದು ಅಭಿಪ್ರಾಯ ಇರುತ್ತಿತ್ತು. ಗಾಂಜಾದ ಮಾತು ಬಂದರಂತೂ ಅವನು ಊರಿಗೇ ವೈದ್ಯ.

“ಸಾಹೇಬ್ರ, ನಮ್ಮ ಕಡಿ ಗುಡಿ ಕಟ್ಟಿ ಮ್ಯಾಲ ಕೂತ ಬಾವಾಗೋಳು ಚಿಲುಮಿ ಎಳೀತಾನ ಮುದುಕರಾಗ್ಯಾರ. ಅವರಿಗೇನೂ ಆಗಿಲ್ಲ. ಈಗ ಅಮೇರಿಕಾದಾಗ ಡಾಕ್ಟರೇ ಬರದ ಕೊಡ್ತಾರಂತ. ಇದು ಗಿಡಮೂಲಿಕೆ ಅಲ್ಲೇನ್ರಿ?”

“ತಲಿ ಕೆಟ್ಟು ಊರು ಬಿಟ್ಟು ಹೋದ ಬಾವಾಗೋಳು ನಿನಗ ಕಾಣಾಂಗಿಲ್ಲ. ಕೂತವರಷ್ಟೇ ಕಾಣ್ತಾರ,” ಎಂದರು ಸಂಗಮೇಶ. ಅಂಬಾದಾಸ ಒಪ್ಪಿದ ಹಾಗೆ ಕಾಣಲಿಲ್ಲ.

ವಿಷ್ಣುಮೂರ್ತಿಯವರ ಸಸ್ಯಾಹಾರಿ ಹೋಟೆಲು ರೈಲ್ವೆ ಸ್ಟೇಷನ್ನಿಗೆ ಹತ್ತಿರ. ಉಡುಪಿ ಕಡೆಯಿಂದ ಬಂದು ಮೂವತ್ತು ವರ್ಷದಿಂದ ಗಲ್ಲಾದ ಮೇಲೆ ಕೂತ ಅವರಿಗೆ ಯಾವ ಗಿರಾಕಿಯ ಮಗಳಿಗೆ ಎಲ್ಲಿ ಮದುವೆಯಾಯಿತು ಎನ್ನುವುದೂ ಗೊತ್ತು. ಸಾಕ್ಷಿಗೆ ಇಬ್ಬರು ಪಂಚರನ್ನು ಕರೆಸಿ ಅಡುಗೆಮನೆಯ ಪಂಚನಾಮೆ ಶುರುವಾಯಿತು. ಹಿಂದಿನ ದಿನ ಬೆಳಿಗ್ಗೆ ಖಿಚಡಿ ತಿಂದವರಿಗೆ ಏನೂ ಆಗಿರಲಿಲ್ಲ. ಆಸ್ಪತ್ರೆ ಸೇರಿದವರೆಲ್ಲ ಮಧ್ಯಾಹ್ನ ತಿಂದವರು.

“ಮಧ್ಯಾಹ್ನ ಏನ ಬದಲಾತು?” ಸಂಗಮೇಶ ಕೇಳಿದರು.

“ಏನೂ ಇಲ್ಲ ಸಾರ್. ಅದೇ ಸಾಬೂದಾಣೆ, ಅದೇ ಶೇಂಗಾ. ತುಪ್ಪ ಮಾತ್ರ ಮುಗಿದಿತ್ತು, ಮನೆಯಿಂದ ತರಿಸಿದೆ.”

“ಮನೆಯಿಂದ ಯಾಕ?”

ವಿಷ್ಣುಮೂರ್ತಿಯವರ ದನಿಯಲ್ಲಿ ಆ ಹೊತ್ತಿನಲ್ಲೂ ಸ್ವಲ್ಪ ಜಂಬ ಇತ್ತು. “ಉಪವಾಸದವರಿಗೆ ನಾನು ಅಂಗಡಿ ತುಪ್ಪ ಬಡಿಸುವುದಿಲ್ಲ. ಹೋಟೆಲಿನ ಒಲೆಯಲ್ಲಿ ಕಾಸಿದರೆ ನೀರುಳ್ಳಿ ವಾಸನೆ ಹಿಡಿಯುತ್ತದೆ. ಹೋಟೆಲು ಶುರುವಾದಂದಿನಿಂದ ಬೆಣ್ಣೆ ಕಾಸುವುದು ನನ್ನ ಹೆಂಡತಿಯೇ, ಮನೆಯಲ್ಲಿ. ಇಳಿಸುವಾಗ ಒಂದು ವೀಳ್ಯದೆಲೆ ಹಾಕುತ್ತಾಳೆ, ಆ ಪರಿಮಳಕ್ಕೆ ಜನ ಹುಡುಕಿಕೊಂಡು ಬರುತ್ತಾರೆ.”

ತಂದವನು ಅಡುಗೆಮನೆಯ ಕೆಲಸದ ಅಂಬಾರಾಯ, ಕಲಬುರಗಿಯವನು, ನಡುವಯಸ್ಸಿನವನು.

“ಎಷ್ಟ ಡಬ್ಬಿ ತಂದಿ?”

“ಎರಡ್ರಿ ಸಾಹೇಬ್ರ. ದೊಡ್ಡದು ಅರ್ಧಾನೂ ತುಂಬಿರಲಿಲ್ಲ. ಹಿಂದಿನ ಸಾಲಿನ್ಯಾಗ ಸಣ್ಣದೊಂದು ಇತ್ತು, ಅದನ್ನೂ ತಂದು ಕೂಡಿಸಿ ಹಾಕಿದೆ.”

“ಮನ್ಯಾಗ ಯಾರಿದ್ರು?”

“ಸಣ್ಣ ಧಣ್ಯಾರು ಬಾಗಿಲಾ ತಗದ್ರು. ಮಾತಿಲ್ಲ ಕತಿ ಇಲ್ಲ, ಮತ್ತ ಒಳಗ ಹೋದ್ರು. ಅಮ್ಮಾರು ಟಿಟ್ವಾಳಾದ ಗಣಪತಿಗೆ ಹೋಗಿದ್ರು.”

ವಿಷ್ಣುಮೂರ್ತಿಯವರ ಮುಖ ಇಳಿದುಹೋಯಿತು. ಎಲ್ಲರೆದುರು ಹೇಳಲಾಗದೆ ಇನ್‌ಸ್ಪೆಕ್ಟರರನ್ನು ಹಿಂದಿನ ಓಣಿಗೆ ಕರೆದುಕೊಂಡು ಹೋದರು.

“ಇದು ನನ್ನ ಮಗನದೇ ಕೆಲಸ ಸಾರ್. ಸುಶ್ರುತ ಅಂತ. ಕಾಲೇಜಿನಲ್ಲಿ ಸೇದಲಿಕ್ಕೆ ಕಲಿತ. ಮತ್ತೆ ಯಾರೋ ಕಿವಿಯಲ್ಲಿ ಮಾತಾಡ್ತಾರೆ ಅಂತ ಶುರು ಮಾಡಿದ. ಎರಡು ವರ್ಷದಿಂದ ಮದ್ದು ಉಂಟು, ಬಿಟ್ಟಿದ್ದೇನೆ ಅಂತ ಆಣೆ ಹಾಕ್ತಾನೆ. ಸುಳ್ಳು. ಮೊನ್ನೆ ಪುನಃ ಗೋಡೆಯ ಹತ್ತಿರ ಮಾತಾಡ್ತಿದ್ದ. ಕರ್ಕೊಂಡು ಹೋಗಿ ಸಾರ್, ನನಗೆ ಸಾಕಾಯ್ತು.”

ಮನೆ ರಾಮನಗರದ ಹಳೆಯ ಸೊಸೈಟಿಯ ಮೂರನೇ ಮಹಡಿಯಲ್ಲಿ. ಬಾಗಿಲು ತೆಗೆದವರು ವಿಷ್ಣುಮೂರ್ತಿಯವರ ಹೆಂಡತಿ ವಾರಿಜಾ. ಪೊಲೀಸರನ್ನು ಕಂಡು ಏನು, ಯಾಕೆ ಎಂದು ಅವರು ಕೇಳಲಿಲ್ಲ. ಸಂಗಮೇಶ ಅದನ್ನು ಗಮನಿಸಿದರು. ಗಾಬರಿಯಾದವರು ಒಂದೊಂದು ಥರ ಇರುತ್ತಾರೆ ಎಂದು ಆಗ ಬಿಟ್ಟುಬಿಟ್ಟರು.

ಸುಶ್ರುತನ ಕೋಣೆಯಲ್ಲಿ ಒಂದು ಮಂಚ, ಮುಚ್ಚಿದ ಕಿಟಕಿ, ಬಳಸದೆ ಧೂಳು ಹಿಡಿದ ಗಿಟಾರು. ಇಪ್ಪತ್ನಾಲ್ಕರ ಹುಡುಗ ಮಂಚದ ಅಂಚಿನಲ್ಲಿ ಕೂತಿದ್ದ. ಹಾಸಿಗೆ ಎತ್ತಿ, ಕಪಾಟು ಬಗೆದು ನೋಡಿದರೂ ಏನೂ ಸಿಗಲಿಲ್ಲ. ಅಡುಗೆಮನೆಯಲ್ಲೂ ಇಲ್ಲ. ದೇವರ ಕಪಾಟಿನ ಎದುರು ಅಂಬಾದಾಸ ಬೂಟುಗಾಲಿನಲ್ಲಿದ್ದವನು ದೂರದಿಂದಲೇ ಕೈಮುಗಿದು ಹಿಂದೆ ಬಂದ.

“ಗಾಂಜಾ ಎಲ್ಲಿಟ್ಟಿಯಪ್ಪಾ?” ಸಂಗಮೇಶ ಕೇಳಿದರು.

“ಮೈನೇ ನಹೀ ಲಿಯಾ ಸರ್. ದೋ ಸಾಲ್ ಸೇ ನಹೀ.” ಎರಡು ವರ್ಷದಿಂದ ಮುಟ್ಟಿಲ್ಲ ಎಂದು ಹುಡುಗ ಹಿಂದಿಯಲ್ಲಿ ಹೇಳಿದ.

“ಸುಳ್ಳು ಹೇಳ್ತೀಯಾ!” ಜೊತೆಗೆ ಬಂದಿದ್ದ ವಿಷ್ಣುಮೂರ್ತಿ ಕೈ ಎತ್ತಿದರು. ಅಂಬಾದಾಸ ನಡುವೆ ನಿಂತ. ವಾರಿಜಾ ಒಲೆಯ ಹತ್ತಿರ ನಿಂತಿದ್ದವರು ಸೆರಗಿನ ತುದಿ ಹಿಡಿದುಕೊಂಡು ನಿಂತೇ ಇದ್ದರು.

ಸುಶ್ರುತನ ಒಪ್ಪಿಗೆ ಪಡೆದು ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡಿಸಲಾಯಿತು. ಸಂಜೆ ಫಲಿತಾಂಶ ಬಂತು. ಗಾಂಜಾ ಇತ್ತು.

“ಮುಗೀತಲ್ರಿ ಕೇಸು,” ಎಂದ ಅಂಬಾದಾಸ.

ಮುಗಿದಿರಲಿಲ್ಲ. ಕಲ್ಯಾಣದ ಕ್ವಾರ್ಟರ್ಸಿನಲ್ಲಿ ಸಂಗಮೇಶ ಒಬ್ಬರೇ ಇರುವುದು, ಹೆಂಡತಿ ಮಕ್ಕಳು ಸೊಲ್ಲಾಪುರದಲ್ಲಿ. ಆ ರಾತ್ರಿ ಸ್ಟೋವ್ ಮೇಲೆ ಅನ್ನಕ್ಕಿಟ್ಟು ತಟ್ಟೆ ಹುಡುಕುವಾಗ ಅವರಿಗೆ ಅನಿಸಿತು: ಕೋಣೆ ಬಿಟ್ಟು ಬಾರದ ಹುಡುಗ ತುಪ್ಪದಲ್ಲಿ ಗಾಂಜಾ ಕಾಸಿ, ಡಬ್ಬಿಗೆ ತುಂಬಿ, ಅಮ್ಮನ ಡಬ್ಬಿಗಳ ಹಿಂದೆ ಇಟ್ಟನೇ? ಆ ಅಮ್ಮನ ಕಣ್ಣಿಗೆ ಬೀಳದೆ?

ಮರುದಿನ ಗುರುವಾರ ಅವರು ಪಕ್ಕದ ಥಾಣೆ ನಗರದಲ್ಲಿ ಸುಶ್ರುತನ ಮನೋವೈದ್ಯೆ ಡಾ. ಶ್ರೀಪ್ರಿಯಾ ಅವರನ್ನು ಕಂಡರು. ವಿಷಯ ಹೇಳಬಹುದೆಂದು ಸುಶ್ರುತ ಬರೆದುಕೊಟ್ಟಿದ್ದ.

“ಗಾಂಜಾದಿಂದಾನ ತಲಿ ಕೆಡತದೇನ್ರಿ ಡಾಕ್ಟರ್? ಒಬ್ಬರು ಹೌದಂತಾರ, ಒಬ್ಬರು ಔಷಧ ಅಂತಾರ.”

“ಸೇದಿದವರಿಗೆಲ್ಲ ಆಗುವುದಿಲ್ಲ ಸರ್. ಯಾರಿಗೆ ಆಗುತ್ತದೆ ಅಂತ ಮೊದಲೇ ಹೇಳಲಿಕ್ಕೂ ಬರುವುದಿಲ್ಲ, ಕಷ್ಟ ಇರುವುದು ಅಲ್ಲೇ. ಸುಶ್ರುತನ ವಿಷಯದಲ್ಲಿ ಮಾತ್ರ ಅನುಮಾನ ಇಲ್ಲ. ಬಿಟ್ಟ, ಮದ್ದು ತಗೊಂಡ, ಸ್ವರಗಳು ನಿಂತವು. ಮೇ ತಿಂಗಳ ಪರೀಕ್ಷೆ ಸಹ ಶುದ್ಧ ಇತ್ತು. ಜೂನ್‌ನಿಂದ ಪುನಃ ಕೇಳ್ತಾ ಉಂಟು ಅಂದ. ಸೇದಿದ್ದೀಯಾ ಅಂತ ಕೇಳಿದೆ, ಇಲ್ಲ ಅಂದ.” ವೈದ್ಯೆ ಫೈಲು ಮುಚ್ಚಿದರು. “ನಾನೂ ನಂಬಲಿಲ್ಲ.”

“ಮನ್ಯಾಗ ಇದೆಲ್ಲ ಗೊತ್ತದ ಏನು?”

“ತಾಯಿಗೆ ಚೆನ್ನಾಗಿ ಗೊತ್ತುಂಟು. ಪ್ರತಿಸಲ ಜೊತೆಗೆ ಬರುವುದು ಅವರೇ.”

ಮಧ್ಯಾಹ್ನ ಮೂರಕ್ಕೆ ಸಂಗಮೇಶ ರಾಮನಗರದ ಮನೆಗೆ ಮರಳಿದರು. ಈ ಸಲ ಮಹಿಳಾ ಅಧಿಕಾರಿಯೊಬ್ಬರನ್ನೂ, ಪಂಚರನ್ನೂ ಕರೆದೊಯ್ದಿದ್ದರು. ಮುಂದಿನ ಕೋಣೆಯಲ್ಲಿ ಸುಶ್ರುತ, ಅವನೆದುರು ವಿಷ್ಣುಮೂರ್ತಿ. ಹೋಟೆಲು ಆ ದಿನ ಮುಚ್ಚಿತ್ತು.

“ನಿನ್ನ ಪರೀಕ್ಷಾದಾಗ ಗಾಂಜಾ ಬಂದದ. ಏನ ಹೇಳ್ತಿ?”

ಹುಡುಗ ಈ ಸಲ ಕನ್ನಡದಲ್ಲೇ ಹೇಳಿದ. “ನಾನು ತಗೊಂಡಿರಬೇಕು ಸರ್.”

“ಅಂದ್ರ? ತಗೊಂಡದ್ದು ನೆನಪದ ಏನು?”

“ನೆನಪಿಲ್ಲ. ಆದ್ರೆ ಟೆಸ್ಟ್ ಸುಳ್ಳು ಹೇಳಲ್ಲ ಅಲ್ವಾ? ಪಪ್ಪ ಹೇಳ್ತಾರೆ, ಡಾಕ್ಟರ್ ಹೇಳ್ತಾರೆ. ನನ್ನ ತಲೆಯನ್ನ ನಾನೇ ನಂಬೋಕಾಗಲ್ಲ. ತುಪ್ಪಕ್ಕೂ ನಾನೇ ಹಾಕಿರಬೇಕು. ಎಲ್ಲಿ ಸೈನ್ ಮಾಡ್ಬೇಕು?”

ವಿಷ್ಣುಮೂರ್ತಿ ಮುಖ ತಿರುಗಿಸಿದರು. ತಾನು ಮಾಡದ ತಪ್ಪಿಗೆ ಈ ಹುಡುಗ ಜೈಲಿಗೆ ಹೋಗಲು ತಯಾರಾಗಿ ಕೂತಿದ್ದಾನೆಂದು ಆ ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಸಂಗಮೇಶ ಹುಡುಗನನ್ನು ಬಿಟ್ಟು ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅವರೇನೂ ಕೇಳುವ ಅಗತ್ಯ ಬರಲಿಲ್ಲ.

“ಅವನು ಸೈನ್ ಹಾಕುವುದು ಬೇಡ,” ಎಂದರು ವಾರಿಜಾ. “ನಾನು ಹಾಕಿದ್ದು.”

“ಎಂತ ಹೇಳ್ತಾ ಇದ್ದಿ ನೀನು?” ವಿಷ್ಣುಮೂರ್ತಿ ಎದ್ದು ನಿಂತರು.

ಅವರು ಗಂಡನಿಗೆ ಉತ್ತರ ಕೊಡದೆ ದೇವರ ಕಪಾಟು ತೆರೆದು ಹೂಬತ್ತಿಯ ಡಬ್ಬಿ ತಂದಿಟ್ಟರು. ಹತ್ತಿಯ ಕೆಳಗೆ ಪ್ಲಾಸ್ಟಿಕ್ ಪೊಟ್ಟಣ ಇತ್ತು. ಅಂಬಾದಾಸ ನಾಲಿಗೆ ಕಚ್ಚಿಕೊಂಡ. ಪಂಚರ ಎದುರು ತೂಗಿ, ಮೊಹರು ಹಾಕಿ ವಶಕ್ಕೆ ತೆಗೆದುಕೊಳ್ಳಲಾಯಿತು.

“ಯಾರು ಕೊಟ್ರು?”

“ರಿತೇಶ್. ಇವನ ಕಾಲೇಜು ಸ್ನೇಹಿತ, ಈಗ ಟಿಟ್ವಾಳಾದಲ್ಲಿ ಇದ್ದಾನೆ. ದೇವಸ್ಥಾನಕ್ಕೆ ಹೋದಾಗ ಕೊಡ್ತಿದ್ದ. ಸೇದಿದರೆ ವಾಸನೆ ಬರ್ತದೆ, ತುಪ್ಪದಲ್ಲಿ ಕಾಸಿ ಅಂತ ಹೇಳಿಕೊಟ್ಟದ್ದೂ ಅವನೇ. ರಾತ್ರಿ ಅನ್ನಕ್ಕೆ ಅರ್ಧ ಚಮಚ. ಎಲೆ ಹಾಕಿದ ತುಪ್ಪ ಅಲ್ವಾ, ಯಾರಿಗೂ ಅನುಮಾನ ಬರಲಿಲ್ಲ.”

“ಮಂಗಳವಾರ ಡಬ್ಬಿ ಹೋಟೆಲಿಗೆ ಹೋಗಿದ್ದು ಯಾವಾಗ ಗೊತ್ತಾತು?”

“ಸಂಜೆ ಬಂದು ನೋಡುವಾಗ ಡಬ್ಬಿ ಇರಲಿಲ್ಲ.”

“ಆವಾಗ್ಲೇ ಯಾಕ ಹೇಳಲಿಲ್ಲ? ಖಿಚಡಿ ತಿಂದ ಅಜ್ಜಿ ಬಚ್ಚಲದಾಗ ಬಿದ್ದಾರ.”

ವಾರಿಜಾ ಹೂಬತ್ತಿಯ ಡಬ್ಬಿಯ ಮುಚ್ಚಳ ಹಾಕಿದರು. ಸಂಗಮೇಶರಿಗೆ ಸಿಟ್ಟು ಬಂದಿತ್ತು, ದನಿ ಏರಿಸಲಿಲ್ಲ.

“ಮಗನಿಗೆ ಅದು ವಿಷ ಅಂತ ಡಾಕ್ಟರು ಹೇಳಿದ್ರಲ್ಲ. ಸ್ವರ ಮತ್ತ ಕೇಳಾಕ ಹತ್ತಿದ್ದು ಗೊತ್ತಿತ್ತೋ ಇಲ್ಲೋ?”

“ಗೊತ್ತಿತ್ತು.” ವಾರಿಜಾ ಮೊದಲ ಸಲ ಅವರ ಮುಖ ನೋಡಿ ಮಾತಾಡಿದರು. “ಇವರು ಬೆಳಕು ಹರಿಯುವ ಮೊದಲು ಹೋದರೆ ನಾನು ಮಲಗಿದ ಮೇಲೆ ಬರುವುದು. ಊರಿನ ಗಿರಾಕಿಗಳ ಹತ್ತಿರ ಎಲ್ಲ ಮಾತಾಡ್ತಾರೆ. ಈ ಮದ್ದು ಶುರುವಾದ ಮೇಲೆ ಇವನೂ ಬಾಯಿ ಮುಚ್ಚಿದ. ಬೇಕು, ಬೇಡ, ಎರಡೇ ಮಾತು. ಮೊದಲೆಲ್ಲ ಸೇದಿ ಬಂದರೆ ಒಲೆಯ ಪಕ್ಕ ಕಟ್ಟೆ ಮೇಲೆ ಕೂತು ನಗಿಸ್ತಿದ್ದ. ಒಂದು ದಿನ ಸ್ವಲ್ಪ ಹಾಕಿ ನೋಡಿದೆ. ಆ ರಾತ್ರಿ ಎದ್ದು ಬಂದು ಅಮ್ಮ ಅಂದ. ಮತ್ತೆ ನನಗೆ ಬಿಡ್ಲಿಕ್ಕೆ ಆಗಲಿಲ್ಲ.”

“ಸ್ವರದ್ದು?”

“ಮನೆಯಲ್ಲಿ ಆ ಸ್ವರಗಳ ವಿಷಯ ಅವನು ನನಗೆ ಮಾತ್ರ ಹೇಳ್ತಿದ್ದ ಸಾರ್.”

ಎದ್ದು ನಿಂತಿದ್ದ ವಿಷ್ಣುಮೂರ್ತಿ ಮತ್ತೆ ಕುರ್ಚಿಯಲ್ಲಿ ಕೂತರು.

ಸಂಜೆ ಐದಕ್ಕೆ ಬಂಧನದ ಕಾಗದಪತ್ರ ಸಿದ್ಧವಾಯಿತು. ಅಷ್ಟರಲ್ಲಿ ರಿತೇಶ್ ಟಿಟ್ವಾಳಾದಲ್ಲಿ ಸಿಕ್ಕಿಬಿದ್ದ ಸುದ್ದಿ ಫೋನಿನಲ್ಲಿ ಬಂತು. ಬರೆಯುತ್ತಿದ್ದ ಅಂಬಾದಾಸ ಪೆನ್ನು ಎತ್ತಿ ಕೇಳಿದ. “ಉದ್ದೇಶ ಅಂತ ಏನ ಬರೀಲಿ ಸಾಹೇಬ್ರ?”

“ಮಗ ಮಾತಾಡ್ಲಿ ಅಂತ.”

“ಅದು ಕಾಯ್ದೆದಾಗ ಕೂಡಂಗಿಲ್ರಿ.”

“ಗೊತ್ತದ. ಬರಿ.”

ಮಹಿಳಾ ಅಧಿಕಾರಿಯ ಹಿಂದೆ ವಾರಿಜಾ ಮೆಟ್ಟಿಲಿಳಿದರು. ಜಾಮೀನು ಬೇಗ ಸಿಗಬಹುದು, ವಕೀಲರನ್ನು ನೋಡಿ ಎಂದು ಸಂಗಮೇಶ ವಿಷ್ಣುಮೂರ್ತಿಯವರಿಗೆ ಹೇಳಿದರು. ಸೊಸೈಟಿಯ ಬಾಲ್ಕನಿಗಳಲ್ಲಿ ಜನ ನಿಂತಿದ್ದರು. ಗೇಟಿನ ಹತ್ತಿರ ಬರುವಾಗ ಹಿಂದೆ ಚಪ್ಪಲಿಯ ಸದ್ದಾಯಿತು. ತಿಂಗಳುಗಳಿಂದ ಮನೆ ಬಿಟ್ಟು ತಾನಾಗಿ ಇಳಿಯದಿದ್ದ ಸುಶ್ರುತ ಇಳಿದು ಬಂದಿದ್ದ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವನು ಮೊದಲು ಇನ್‌ಸ್ಪೆಕ್ಟರರನ್ನು ಕೇಳಿದ.

“ಹಾಗಾದ್ರೆ ನಾನು ಸುಳ್ಳು ಹೇಳಿಲ್ಲ, ಅಲ್ವಾ ಸರ್?”

“ಇಲ್ಲಪ್ಪ. ನೀ ಖರೇನ ಹೇಳಿದ್ದಿ.”

ಹುಡುಗ ತಲೆಯಾಡಿಸಿದ. ಆಮೇಲೆ ಅಮ್ಮನ ಕಡೆ ತಿರುಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ.

“ಅಮ್ಮ, ಇಷ್ಟು ದಿನ ನಿನ್ನ ಜೊತೆ ಮಾತಾಡ್ತಿದ್ದದ್ದು ನಾನಾ?”

ವಾರಿಜಾ ಅವನ ಕೆನ್ನೆ ಮುಟ್ಟಲು ಕೈ ಎತ್ತಿದರು, ಅವನು ಒಂದು ಹೆಜ್ಜೆ ಹಿಂದೆ ಸರಿದ. ಮಹಿಳಾ ಅಧಿಕಾರಿ ಜೀಪಿನ ಬಾಗಿಲು ತೆರೆದರು, ವಾರಿಜಾ ಹತ್ತಿ ಕೂತರು, ಜೀಪು ಸ್ಟೇಷನ್ ರಸ್ತೆಯ ಗದ್ದಲದೊಳಗೆ ಸೇರಿತು. ತಂದೆ ಮಗ ಇಬ್ಬರೂ ಗೇಟಿನ ಹತ್ತಿರ ಸ್ವಲ್ಪ ದೂರ ದೂರ ನಿಂತಿದ್ದರು.