ಮುಖವಿಲ್ಲದ ಫೋಟೋ

‘ಹೊಸ ಬೇಕರಿ ಚೆನ್ನಾಗಿದೆ. ಸದ್ಯದಲ್ಲೇ ಬರ್ತೀನಿ.’

ಅವಳು ಬಿಟ್ಟು ಬಂದ ಗಂಡನ ಮೆಸೇಜು, ಬೇಕರಿಯ ಆರ್ಡರ್ ನಂಬರಿಗೆ ಬಂದಿತ್ತು. ಅವಳು ಅದನ್ನು ಓದಿ, ಕೈ ತೊಳೆದು, ಅರ್ಧಕ್ಕೆ ನಿಂತಿದ್ದ ಕೇಕಿನ ಮೇಲೆ ಕ್ರೀಮಿನ ಗುಲಾಬಿ ಮುಗಿಸಿದಳು. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಊರು ಬಿಟ್ಟು, ಸಿಮ್ ಬದಲಿಸಿ, ಇದ್ದಬದ್ದ ಅಕೌಂಟೆಲ್ಲ ಅಳಿಸಿ ಬದುಕಿದವಳ ಮನಸ್ಸು ಎಂದೋ ಮರಗಟ್ಟಿ ಹೋಗಿತ್ತು.

“ಇಲ್ನೋಡೇ,” ಎಂದು ಬೇಕರಿಯ ಒಡತಿ ಅಕ್ಕ ಫೋನ್ ಹಿಡಿದಳು. ಕೇಕಿನ ಮೇಲೆ ಗುಲಾಬಿ ಬಿಡಿಸುವ ಇವಳ ಕೈಯ ಫೋಟೋ, ಯಾರೋ ಆನ್‌ಲೈನಿನಲ್ಲಿ ಹಾಕಿದ್ದು. “ಎದುರಂಗಡಿ ಮಜನೂ ಕೆಲಸ ಇದು.”

ಮಜನೂ ಎಂದರೆ ಎದುರಿನ ಸ್ಟುಡಿಯೋದ ಫೋಟೋಗ್ರಾಫರ್. ದಿನಾ ಸಂಜೆ ಬನ್ ನೆಪದಲ್ಲಿ ಇವಳನ್ನು ನೋಡಲು ಬರುತ್ತಿದ್ದ. ಬನ್ ತಿಂದೂ ತಿಂದೂ ಹೊಟ್ಟೆ ಬಂತೇ ಹೊರತು ಮಾತು ಬರಲಿಲ್ಲ, ಪಾಪ.

ಅವಳು ರಸ್ತೆ ದಾಟಿದಳು.

“ಓಹೋ, ಕೇಕ್ ಮೇಡಂ! ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೆ?”

“ಇದು ನೀವು ಹಾಕಿದ್ದಾ?”

ಅವನ ಮುಖ ಕೆಂಪೇರಿತು. “ನಿಮಗೆ ಫೋಟೋ ಆಗಲ್ಲ ಅಂತ ಗೊತ್ತು. ಅದಕ್ಕೇ ಮುಖ ಬಿಟ್ಟು ಬರೀ ಕೈ ಹಾಕಿದೆ.”

“ಎಡಗೈ. ಮಣಿಕಟ್ಟಲ್ಲಿ ಸುಟ್ಟ ಕಲೆ. ಗುರುತು ಹಿಡಿಯೋಕೆ ನನ್ನ ಗಂಡನಿಗೆ ಅಷ್ಟೇ ಸಾಕು. ಮೂಲೇಲಿ ಏನಿದೆ ನೋಡಿ.”

ಮೂಲೆಯಲ್ಲಿ ಸ್ಟುಡಿಯೋದ ಹೆಸರು, ರಸ್ತೆ, ಊರು. ತೆಗೆದ ಪ್ರತಿ ಫೋಟೋಗೂ ಅದನ್ನು ಒತ್ತುವುದು ಅವನ ಕಸುಬಿನ ಚಾಳಿ. ಇದಕ್ಕೂ ಒತ್ತಿಬಿಟ್ಟಿದ್ದ, ಪುಣ್ಯಾತ್ಮ!

“ಅಯ್ಯೋ ದೇವರೇ... ಈಗಲೇ ಅಳಿಸ್ತೀನಿ.”

“ಅಳಿಸಿ. ನೋಡಿದವನು ನೋಡಿ ಆಯ್ತು. ಯಾಕೆ ಹಾಕಿದ್ರಿ?”

“ನೀವಂದ್ರೆ ನನಗೆ ಇಷ್ಟ. ನಿಮ್ಮೆದುರು ಹೇಳೋ ಧೈರ್ಯ ಇರ್ಲಿಲ್ಲ.” ಅವನು ತಲೆ ತಗ್ಗಿಸಿದ. “ಊರಿಗೆಲ್ಲ ತೋರಿಸಿದೆ, ನಿಮ್ಮನ್ನ ಒಂದು ಮಾತು ಕೇಳ್ಲಿಲ್ಲ. ತಪ್ಪಾಯ್ತು.”

ಅವಳು ಸಿಟ್ಟು ಬರಲೆಂದು ಕಾದಳು. ಖುಷಿಯಾದರೂ ಆಗಲೆಂದು ಕಾದಳು. ಏನೂ ಬರಲಿಲ್ಲ.

“ಇವತ್ತೇ ಹೊರಡ್ತೀನಿ,” ಎಂದಳು.

ಪೊಲೀಸರಿಗೆ ದೂರು ಕೊಡಲು ಅಕ್ಕ ಹೋದಳು. ಬ್ಯಾಗು ಹೊತ್ತು ಬಸ್‌ಸ್ಟ್ಯಾಂಡಿಗೆ ಅವನು ಬಂದ. ಅವಳು ಕಿಟಕಿ ಪಕ್ಕ ಕೂತಳು. ಅವನು ಕೆಳಗೆ, ಬಸ್ಸಿಗೆ ಬೆನ್ನು ಹಾಕಿ ನಿಂತ.

“ಯಾಕೆ ಆ ಕಡೆ ತಿರುಗಿದ್ರಿ?”

“ಬೋರ್ಡ್ ನೋಡಬಾರ್ದು ಅಂತ. ಎಲ್ಲಿಗೆ ಅಂತ ಹೇಳ್ಬೇಡಿ. ನನ್ನ ಬಾಯಿ, ನನ್ನ ಕೈ, ಎರಡನ್ನೂ ನಂಬೋ ಹಾಗಿಲ್ಲ.”

ಡ್ರೈವರ್ ಹಾರ್ನ್ ಹೊಡೆದ. ಅವನು ತಿರುಗಲಿಲ್ಲ. ಕೊನೆಯ ಸಲ ಅವಳ ಮುಖ ನೋಡುವ ಆಸೆಯನ್ನೂ ನುಂಗಿಕೊಂಡು, ಮೊಂಡು ಹಿಡಿದ ಮಗುವಿನಂತೆ ನಿಂತೇ ಇದ್ದ.

ಕಣ್ಣೀರು ಬಂದಾಗ ಅವಳಿಗೇ ಆಶ್ಚರ್ಯವಾಯಿತು. ಎಷ್ಟು ಕಾಲವಾಗಿತ್ತು ಅತ್ತು!

ಕಿಟಕಿಯಿಂದ ಬಗ್ಗಿ, ಅವನ ಕಿವಿಯ ಹತ್ತಿರ ಊರಿನ ಹೆಸರು ಹೇಳಿದಳು.

“ಅಯ್ಯೋ, ಬೇಡ ಅಂದ್ನಲ್ಲ!” ಅವನು ಗಾಬರಿಯಿಂದ ತಿರುಗಿದ.

ಬಸ್ಸು ಹೊರಟಿತು.

“ಯಾರಿಗೂ ಹೇಳ್ಬೇಡ,” ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ. “ಸುಮ್ನೆ ಬಂದ್ಬಿಡು.”